ಎರಡನೇ ತುಂಡು

ಹೋಟೆಲ್ ಬಾಗಿಲಲ್ಲಿ ಸಂಶೋಧನಾ ವಿದ್ಯಾರ್ಥಿ ಇಂಜೇ ಮಂಡಿಯೂರಿ ಪ್ರೊಫೆಸರ್ ಮೋಕ್ ಅವರ ಶೂಗಳನ್ನು ಹೊರಮುಖವಾಗಿ ತಿರುಗಿಸಿಡುತ್ತಿದ್ದ. ಊಟ ಮುಗಿಸಿ ಬಂದವರು ಕಾಲು ತೂರಿಸಿದರೆ ಸಾಕು, ಹಾಗೆ. ಅವನ ಹಿಂದೆ ನಿಂತಿದ್ದ ಜೂನಿಯರ್ ಹೇವೊನ್ ಬೆವರುತ್ತಿದ್ದಳು. ಡಿಸೆಂಬರ್ ಚಳಿಯಲ್ಲಿ ಬೆವರುವುದೆಂದರೆ ಅದು ಭಯವೇ.

ಮಧ್ಯಾಹ್ನ ಕ್ಲಾಸಿನಲ್ಲಿ ಮಾಡಬಾರದ್ದನ್ನು ಮಾಡಿಬಂದಿದ್ದಳು. ಸಿಯೋಲ್ ನಗರದ ವಿಶ್ವವಿದ್ಯಾಲಯವೊಂದರಲ್ಲಿ ಅವರದು ದಿನನಿತ್ಯದ ಬದುಕಿನ ಸಂಸ್ಕೃತಿ, ಅಧಿಕಾರಗಳನ್ನು ಅಭ್ಯಾಸ ಮಾಡುವ ವಿಭಾಗ. "ಕಣ್ಣಿಗೆ ಬೀಳದ ಅಧಿಕಾರ ಒಂದನ್ನ ಹುಡುಕಿ ತನ್ನಿ" ಎಂದಿದ್ದರು ಮೋಕ್. ಉಳಿದವರು ಮೆಟ್ರೋ ಸೀಟು, ಅಪಾರ್ಟ್‌ಮೆಂಟ್ ಲಿಫ್ಟು ಅಂತ ಜಾಣರಾದರು. ಇವಳು ವಿಭಾಗದ ಊಟವನ್ನೇ ಎತ್ತಿಕೊಂಡಳು. ಮಾಂಸ ಸುಡುವ ಇಕ್ಕಳ ಯಾವಾಗಲೂ ಇಂಜೇ ಕೈಯಲ್ಲಿ. ಮೊದಲ ತುಂಡು ಪ್ರೊಫೆಸರ್ ತಟ್ಟೆಗೆ, ಎರಡನೆಯದು ಹೇವೊನ್ ತಟ್ಟೆಗೆ. "ಎಲ್ಲರಿಗಿಂತ ಕಿರಿಯಳ ಬಾಯಿ ಮುಚ್ಚಿಸೋ ಲಂಚ ಅದು" ಎಂದುಬಿಟ್ಟಳು.

ಮೋಕ್ ನಕ್ಕರು. "ಭೇಷ್. ಇವತ್ತು ಎಲ್ಲರೂ ಊಟಕ್ಕೆ ಹೋಗೋಣ."

ಆ ನಗು ಮೆಚ್ಚುಗೆಯದಲ್ಲ ಎಂದು ಅವಳಿಗೆ ಗೊತ್ತಿತ್ತು. ಇಂಜೇಯ ಕೆಲಸದ ಶಿಫಾರಸಿಗೆ ಅವರು ಇದೇ ವಾರ ಸಹಿ ಹಾಕಬೇಕಿತ್ತು. ಅದಿಲ್ಲದಿದ್ದರೆ ಅವನ ಇಷ್ಟು ವರ್ಷದ ಓದು ನೀರಲ್ಲಿ ಹೋಮ.

"ಸೀನಿಯರ್, ನಿಮ್ಮ ಹೆಸರು ಎತ್ತಬಾರದಿತ್ತು. ಕೋಪಾನಾ?"

"ಕೋಪ ಇಲ್ಲ." ಅವನು ಶೂಗಳಿಂದ ಕಣ್ಣೆತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು. "ಲಂಚ ಅಂದ್ಯಲ್ಲ, ಅದು ಚುಚ್ತು."

"ಲಂಚ ಅಲ್ಲದಿದ್ರೆ ಮತ್ತೇನದು?"

"ಅಧಿಕಾರ ಎಲ್ಲಿ ಅಡಗಿದೆ ಅಂತ ಊರೆಲ್ಲಾ ಹುಡುಕ್ತೀಯ. ಎದುರಿಗೆ ಕೂತೋನು ಕಾಣಿಸಲ್ಲ, ಅಲ್ವಾ?" ಈಗ ನೋಡಿದ. "ಮೊದಲ್ನೇ ತುಂಡು ಭಯಕ್ಕೆ ಕೊಡ್ತಿದ್ದೆ ಕಣೇ. ಎರಡನೇದು ನನ್ನಿಷ್ಟಕ್ಕೆ."

ಅವಳಿಗೆ ಈಗ ಹೊಳೆಯಿತು. ಅವಳಿಗೆ ಕೊಬ್ಬು ಸೇರುವುದಿಲ್ಲ, ಯಾರಿಗೂ ಹೇಳಿರಲಿಲ್ಲ. ಆದರೂ ಅವಳ ತುಂಡಿನಿಂದ ಅವನು ಪ್ರತಿಸಲ ಕೊಬ್ಬು ಕತ್ತರಿಸಿ ತೆಗೆಯುತ್ತಿದ್ದ. ಎಲ್ಲವನ್ನೂ ಗಮನಿಸಿದ ದೊಡ್ಡ ಜಾಣೆ ಇದೊಂದನ್ನು ಬಿಟ್ಟಿದ್ದಳು.

"ಇಷ್ಟು ದಿನ ಹೇಳೋಕೇನಾಗಿತ್ತು ನಿಮಗೆ?"

"ನೀನು ಅದನ್ನೂ ಉದಾಹರಣೆ ಮಾಡ್ಕೊಂಡ್ರೆ ಅಂತ ಹೆದರಿಕೆ."

ಅಳುವೋ ನಗುವೋ ತಿಳಿಯದೆ ಅವಳು ಕೆನ್ನೆ ಒರೆಸಿಕೊಂಡಳು.

"ಏನಪ್ಪಾ ಇಂಜೇ, ಶೂ ಹೊಲೀತಿದ್ದೀಯಾ?" ಒಳಗಿಂದ ಮೋಕ್ ದನಿ.

ಇಬ್ಬರೂ ಒಳಗೆ ಹೋದರು. ಮೇಜಿನಲ್ಲೇ ಅಳವಡಿಸಿದ ಕೆಂಡದ ಒಲೆಯ ಮೇಲೆ ಮಾಂಸ ಚಟಪಟ ಎನ್ನುತ್ತಿತ್ತು. ಇಕ್ಕಳ ಮೇಜಿನ ನಡುವೆ ಬಿದ್ದಿತ್ತು, ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

"ಹೇವೊನ್, ಇವತ್ತು ನೀನೇ ಬಡಿಸಮ್ಮ." ಮೋಕ್ ತಟ್ಟೆ ಮುಂದೆ ತಳ್ಳಿದರು. "ಮೊದಲ್ನೇದು ಯಾರಿಗೆ ಬೀಳುತ್ತೆ, ನಾವೂ ನೋಡಿ ಕಲೀತೀವಿ."

ಹೇವೊನ್ ಇಕ್ಕಳ ಎತ್ತಿದಳು. ಬೆಂದ ತುಂಡೊಂದನ್ನು ಅದರಲ್ಲಿ ಹಿಡಿದಳು. ತಾನು ಹಾಳಾದರೆ ಹಾಳಾಗಲಿ, ಅವನ ಬದುಕನ್ನು ಪಣಕ್ಕಿಡಲು ತಾನ್ಯಾರು? ಸೋತು, ಕೈಯನ್ನು ಪ್ರೊಫೆಸರ್ ಕಡೆಗೆ ಚಾಚಿದಳು.

ಪಕ್ಕದಿಂದ ಇನ್ನೊಂದು ತಟ್ಟೆ ಮೆಲ್ಲಗೆ ಸರಿದು ಮುಂದೆ ಬಂತು. ಇಂಜೇಯದು.

"ಸೀನಿಯರ್, ಬೇಡ" ಎಂದು ಪಿಸುಗುಟ್ಟಿದಳು.

"ನನಗೂ ಹಸಿವಾಗಿದೆ, ಹೇವೊನ್." ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ಮುಖ ಬಿಳಿಚಿಕೊಂಡಿತ್ತು.

ಅವಳು ತುಂಡನ್ನು ಅವನ ತಟ್ಟೆಗೆ ಹಾಕಿದಳು. ಅವನು ತಿಂದ. ಆಮೇಲೆ ಅವಳ ಕೈಯಿಂದ ಇಕ್ಕಳ ತೆಗೆದುಕೊಂಡು, ಇನ್ನೊಂದು ತುಂಡಿನ ಕೊಬ್ಬು ಕತ್ತರಿಸಿ ಅವಳಿಗೆ ಬಡಿಸಿದ.

ಮೋಕ್ ಅವರ ತಟ್ಟೆ ಇನ್ನೂ ಖಾಲಿ. ಅವರ ಮುಖದಲ್ಲಿ ನಗು ಇರಲಿಲ್ಲ. ಆ ಸಹಿ ಇನ್ನು ಬೀಳುತ್ತದೋ ಇಲ್ಲವೋ, ಹೇವೊನ್‌ಗೆ ಗೊತ್ತಿರಲಿಲ್ಲ. ಮೇಜಿನ ಮೇಲೇ, ಎಲ್ಲರ ಕಣ್ಣೆದುರಿಗೇ, ಅವಳು ಇಂಜೇಯ ಕೈ ಹಿಡಿದಳು. ಅವಳು ಬಿಡಲಿಲ್ಲ.