ಬಾಗಿಲಲ್ಲಿ ಕುಳಿತ ಕ್ಯಾಲ್ಸಿಯಂ

"ಈ ಬಾಟಲಿ ತುಂಬಿಸಿದ್ದು ಯಾರು?!"

ವಿನೋದಿನಿಯ ದನಿಗೆ ಇಡೀ ಲ್ಯಾಬ್ ತಿರುಗಿ ನೋಡಿತು.

"ನಾನರೀ ಮೇಡಂ..." ಎಂದು ಎದ್ದು ನಿಂತವನು ಚಂದ್ರಾಮ. ವಿಜಯಪುರದ ಕಡೆಯವನು, ಮುಂಬೈಯ ಮುಲುಂಡ್‌ನಲ್ಲಿ ತನ್ನ ಅಕ್ಕ ಮಹಾದೇವಿಯ ಮನೆಯಲ್ಲಿದ್ದ. ಕೆಲಸಕ್ಕೆ ಸೇರಿ ಅಂದಿಗೆ ಮೂರೇ ದಿನ!

"ಕ್ಯಾಲ್ಸಿಯಂ ಹಾಕ್ಲೇ ಇಲ್ಲ ನೀವು! ಎಂಥ ಕೆಲಸ ಇದು?"

"ಹಾಕೀನ್ರಿ. ಖರೇ ಹೇಳ್ತೀನಿ."

ಅವಳು ನಂಬಲಿಲ್ಲ.

ಒಳಕಿವಿಯ ಕೋಶಗಳಲ್ಲಿ ಸದ್ದು ಬಂದೊಡನೆ ತೆರೆಯುವ ಪುಟ್ಟ ಬಾಗಿಲುಗಳಿವೆ. ಹೊರಗೆ ಸೋಡಿಯಂ ನೂರು ಪಾಲು ಹೆಚ್ಚಿದ್ದರೂ ಅವು ಕ್ಯಾಲ್ಸಿಯಂ ಅನ್ನೇ ಆರಿಸಿ ಒಳಗೆ ಬಿಡುತ್ತವೆ. ಹೇಗೆ ಆರಿಸುತ್ತವೆ ಎಂಬುದೇ ವಿನೋದಿನಿಯ ಸಂಶೋಧನೆ. ತೂಗುಹಾಕಿದ ಬಾಟಲಿಗಳ ನಲ್ಲಿ ತಿರುಗಿಸಿ, ಕೋಶಗಳ ಸುತ್ತ ಉಪ್ಪಿನ ದ್ರಾವಣ ಹರಿಸಿ ನೋಡುತ್ತಿದ್ದಳು. ಆದರೆ ಅಂದು ಕಲ್ಯಾಣ್ ಲೋಕಲ್ ರೈಲಿಗೆ ಜನ ನುಗ್ಗಿದ ಹಾಗೆ ಸೋಡಿಯಂ ನುಗ್ಗಿಬಿಟ್ಟಿತ್ತು. ಹೊರಗೆ ಕ್ಯಾಲ್ಸಿಯಂ ಇಲ್ಲದಿದ್ದರೆ ಮಾತ್ರ ಹಾಗಾಗುವುದು.

ಆಮೇಲೆ ಅವಳು ತನ್ನ ಬಾಟಲಿಗಳನ್ನು ಅವನಿಗೆ ಮುಟ್ಟಗೊಡಲಿಲ್ಲ. ಅವನೋ, ಊಟ ಮರೆಯುವ ಅವಳ ಮೇಜಿನ ಮೇಲೆ ದಿನಾ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಟ್ಟು ಹೋಗುತ್ತಿದ್ದ.

'ಬೈಸಿಕೊಂಡವನೇ ಊಟ ಇಡುತ್ತಾನಲ್ಲ... ಎಂಥ ಜನ ಇವನು!'

ಬೈದುಕೊಂಡರೂ ರೊಟ್ಟಿ ಮಾತ್ರ ಒಂದು ದಿನವೂ ಉಳಿಯಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅವನೇ ಬಂದು ನಿಂತ.

"ಪುಣೆ ಲ್ಯಾಬಿಗೆ ಹೊಂಟೀನ್ರಿ. ಇವತ್ತ ಕಡೀ ದಿನ. ನನ್ನ ಕೈ ಮ್ಯಾಲ ನಿಮಗ ನಂಬಿಕಿ ಇಲ್ಲಲ್ಲ..."

ಅವನು ಹೋದ ಮೇಲೆ ವಿನೋದಿನಿ ತನ್ನ ಪ್ರಯೋಗದ ನೋಟ್‌ಬುಕ್ ತಿರುವಿದಳು. ಅವನನ್ನು ಬೈದ ದಿನದ ಪುಟ. ಅವಳದೇ ಅಕ್ಷರ: 'ಎರಡನೇ ನಲ್ಲಿ.'

ಎರಡನೇ ನಲ್ಲಿ! ಬೇರೊಂದು ಪರೀಕ್ಷೆಗೆಂದು ಹಿಂದಿನ ದಿನ ತಾನೇ ತೂಗುಹಾಕಿದ್ದ, ಕ್ಯಾಲ್ಸಿಯಂ ಇಲ್ಲದ ಬಾಟಲಿಯದು! ಚಂದ್ರಾಮ ತುಂಬಿಸಿದ ಬಾಟಲಿ ಇದ್ದದ್ದು ಮೊದಲನೇ ನಲ್ಲಿಗೆ.

ಮೆಟ್ಟಿಲುಗಳನ್ನು ಹೇಗೆ ಇಳಿದಳೋ ಅವಳಿಗೇ ತಿಳಿಯದು. ಗೇಟಿನಲ್ಲಿ ಅವನು ಆಟೋ ಹತ್ತುತ್ತಿದ್ದ.

"ಹೋಗ್ಬೇಡಿ ಮಾರಾಯ್ರೇ! ತಪ್ಪು ನಲ್ಲಿ ತಿರುಗಿಸಿದ್ದು ನಾನೇ... ಕ್ಷಮಿಸಿ."

"ಅಷ್ಟಕ್ಕ ಅಳ್ತೀರೇನ್ರಿ?"

"ಅಷ್ಟಕ್ಕೇ ಅಲ್ಲ!" ಅವಳು ಕಣ್ಣೊರೆಸಿಕೊಂಡಳು. "ಕ್ಯಾಲ್ಸಿಯಂ ಬಾಗಿಲಲ್ಲಿ ಗಟ್ಟಿಯಾಗಿ ಕೂತ್ರೆ ಸೋಡಿಯಂ ಎಷ್ಟೇ ಬರಲಿ, ಜಾಗ ಇರೋದಿಲ್ಲ. ನಮ್ಮ ಶೈಲಾ ಚಿಕ್ಕಮ್ಮ ಈ ತಿಂಗಳು ನಾಲ್ಕು ಹುಡುಗರನ್ನು ತೋರಿಸಿದ್ರು. ನಾಲ್ವರೂ ಬೇಡ ಅಂದೆ. ಯಾಕೆ ಅಂತ ಇನ್ನೂ ಬಿಡಿಸಿ ಹೇಳ್ಬೇಕಾ?"

ಚಂದ್ರಾಮನ ಕಿವಿ ಕೆಂಪಾಯಿತು.

"ಆಪ್ ಜಾಓ ಭೈಯಾ," ಎಂದು ಆಟೋದವನನ್ನು ಕಳಿಸಿದ. ಆಮೇಲೆ ಮೆಲ್ಲಗೆ ಕೇಳಿದ, "ಬಾಗಿಲದಾಗ ಕುಂತದ್ದು ಒಳಗ ಯಾವಾಗ ಹೋಗ್ತದರೀ?"

"ಹಿಂದಿನಿಂದ ಇನ್ನೊಂದು ಕ್ಯಾಲ್ಸಿಯಂ ಬಂದು ದೂಡಿದಾಗ. ಭಾನುವಾರ ಮಹಾದೇವಿ ಅಕ್ಕನನ್ನು ಕರ್ಕೊಂಡು ಚೆಂಬೂರಿಗೆ ನಮ್ಮ ಮನೆಗೆ ಬನ್ನಿ. ದೂಡ್ತಾರಲ್ಲ?"

ಅವನು ನಕ್ಕ.

"ಆ ಎರಡು ರೊಟ್ಟಿ ದಿನಾ ಹೆಚ್ಚಿಗಿ ಬಡಿದಾಕಿ ಯಾರು ಅಂದ್ಕೊಂಡೀರಿ? ನಮ್ಮಕ್ಕ ಒಂದು ತಿಂಗಳಿಂದ ದಬ್ಬಾಕತ್ತಾಳ ವಿನೋದಿನಿ... ನಾನ ಬಾಗಿಲದಾಗ ನಿಂತಿದ್ದೆ."

"ಇನ್ನು ನಿಲ್ಲಬೇಡಿ," ಎಂದಳು ವಿನೋದಿನಿ, ಅವನ ಕೈಯಿಂದ ಚೀಲ ತೆಗೆದುಕೊಳ್ಳುತ್ತ.