ಅನುಷಾಳ ಪಾಲಿನ ಈಲಿ

“ತಿನ್ನು ಮಗಾ, ಆರೋಯ್ತದೆ,” ಎಂದು ಅಜ್ಜಿ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

ತಟ್ಟೆಯಲ್ಲಿ ಮೆಣಸು ಹಾಕಿ ಹುರಿದ ಕುರಿಯ ಈಲಿ. ಡಾಕ್ಟರು ಲಿವರ್ ಅನ್ನುವುದನ್ನೇ ಅಜ್ಜಿ ಈಲಿ ಅನ್ನುವುದು. ಬೇರೆ ದಿನವಾಗಿದ್ದರೆ ಅನುಷಾ ಇಷ್ಟು ಹೊತ್ತಿಗೆ ತಟ್ಟೆ ನೆಕ್ಕಿರುತ್ತಿದ್ದಳು. ಇವತ್ತು ಅಪ್ಪನ ಮುಖ ನೋಡಿದಳು. ಅವಳ ಜೊತೆ ಬೆಂಗಳೂರಿನ ಬಸ್ಸಿಳಿದು ಆಗತಾನೇ ಬಂದಿದ್ದ ಅಪ್ಪ, ಚಪ್ಪಲಿ ಬಿಡಲು ಬಗ್ಗಿದವನು ತಲೆ ಎತ್ತಲೇ ಇಲ್ಲ.

ಮರಳವಾಡಿಯಲ್ಲಿ ಸಮದ್ ಯಾವ ಕುರಿ ಕುಯ್ದರೂ ಈಲಿ ಅನುಷಾಳ ಪಾಲು. ಅವನಿಗೆ ಕುರಿ ಮಾರುವ ಅಜ್ಜಿ ಲಕ್ಷ್ಮಿದೇವಮ್ಮ ಮಾಡಿದ ಕಾನೂನು ಅದು. “ನಮ್ ಮಗೀಗೆ ರಕ್ತ ಕಮ್ಮಿ ಕಣಪ್ಪ” ಅಂದರೆ ಮುಗಿಯಿತು. ಈಲಿಯ ಮೇಲೆ ಬೆಲ್ಲ, ಬೆಲ್ಲದ ಮೇಲೆ ಕಬ್ಬಿಣದ ಟಾನಿಕ್. ಅಷ್ಟಾದರೂ ಅನುಷಾ ಖೋ-ಖೋದಲ್ಲಿ ಒಂದು ಸುತ್ತು ಓಡಿದರೆ ಸಾಕು, ಉಸಿರು ಕಟ್ಟಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಈಚೆಗೆ ಕಣ್ಣು ಹಳದಿಯಾಗಿತ್ತು, ಹೊಟ್ಟೆ ಊದಿತ್ತು.

ಕುರಿ ಮೇಯುತ್ತಿದ್ದ ಬಯಲಲ್ಲಿ ಫ್ಯಾಕ್ಟರಿ ಎದ್ದಿತ್ತು. ಅಪ್ಪ ನಟರಾಜು ಅಲ್ಲೇ ಕೆಲಸಕ್ಕೆ ಸೇರಿದ್ದ. ಚಿಕಿತ್ಸೆಗೆ ಕಂಪನಿ ಕಾರ್ಡ್ ಸಿಕ್ಕಿದ್ದರಿಂದ ಅಪ್ಪ, ಮಗಳು ಮೊದಲ ಸಲ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಿದ್ದರು.

ಅಲ್ಲಿ ಡಾಕ್ಟ್ರಮ್ಮ ಒಂದು ಕರುಳಿನ ಚಿತ್ರ ಬರೆದು, ಅದಕ್ಕೊಂದು ಬಾಗಿಲು ಬರೆದಿದ್ದರು.

“ನೋಡು ಪುಟ್ಟಿ, ಊಟದಲ್ಲಿರೋ ಕಬ್ಬಿಣದ ಅಂಶ ಈ ಬಾಗಿಲಿಂದ ಒಳಗೆ ಹೋಗುತ್ತೆ. ಸಾಕಾದಾಗ ಲಿವರ್ ‘ಬಾಗಿಲು ಹಾಕು’ ಅಂತ ಕರುಳಿಗೆ ಹೇಳಿಕಳಿಸುತ್ತೆ. ಆದರೆ ನಿನ್ನ ಮೈಯಲ್ಲಿ ಹುಟ್ಟೋ ರಕ್ತ ಬೇಗ ಹಾಳಾಗುತ್ತೆ. ಹುಟ್ಟಿನಿಂದಲೇ ಬಂದಿರೋದು, ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ. ಅದಕ್ಕೆ ನಿನ್ನ ಮೈ ‘ಇನ್ನೂ ರಕ್ತ ಬೇಕು’ ಅಂತ ಕೂಗ್ತಾನೇ ಇರುತ್ತೆ. ಆ ಗಲಾಟೆಯಲ್ಲಿ ಬಾಗಿಲು ಹಾಕು ಅನ್ನೋರೇ ಇಲ್ಲ.”

“ಜಾಸ್ತಿ ಆಗಿದ್ದು ಆಚೆಗೆ ಹೋಗಲ್ವಾ ಮೇಡಂ?” ಎಂದಳು ಅನುಷಾ.

“ಅದು ಆಚೆ ಹೋಗೋಕೆ ಮೈಯಲ್ಲಿ ದಾರಿ ಇಲ್ಲ. ಲಿವರ್‌ನಲ್ಲಿ, ಹಾರ್ಟ್‌ನಲ್ಲಿ ಸೇರ್ಕೊಂಡು ಕೂತುಬಿಡುತ್ತೆ.” ಆಮೇಲೆ ಅವರು ಅಪ್ಪನ ಕಡೆ ತಿರುಗಿದರು. “ತೆಗೆಯೋಕೆ ಮಾತ್ರೆ ಕೊಡ್ತೀನಿ, ಬಿಡದೆ ನುಂಗಿಸಬೇಕು. ಆದರೆ ಈಗಾಗಲೇ ತುಂಬಾ ಸೇರಿದೆ. ಆ ಟಾನಿಕ್ಕು, ಆ ಕುರಿ ಲಿವರ್, ಎಲ್ಲಾ ನಿಲ್ಲಿಸಿ.”

“ನಂಗೆ ವಾಸಿ ಆಗುತ್ತಾ ಮೇಡಂ?” ಅನುಷಾ ಕೇಳಿದಳು.

ಡಾಕ್ಟ್ರಮ್ಮ ಪೆನ್ನಿಗೆ ಕ್ಯಾಪ್ ಹಾಕಿದರು. “ಊಟದ ಜೊತೆ ಟೀ ಕುಡಿ, ಹಾಲು ಹಾಕದೆ. ಕಬ್ಬಿಣ ಸ್ವಲ್ಪ ಕಮ್ಮಿ ಒಳಗೆ ಹೋಗುತ್ತೆ,” ಅಂದರು.

ತಾನು ಕೇಳಿದ್ದೊಂದು, ಅವರು ಹೇಳಿದ್ದೊಂದು. ಬಸ್ಸಿನಲ್ಲಿ ಕೂತು ಅನುಷಾ ಅದನ್ನೇ ಯೋಚಿಸಿದ್ದಳು.

ಅಪ್ಪ ಈಗ ಅದನ್ನೆಲ್ಲ ಅಜ್ಜಿಗೆ ಹೇಳಿದ. ಅಜ್ಜಿ ಮೊದಲು ನಕ್ಕಳು.

“ಕಬ್ಬಿಣ ಜಾಸ್ತಿನಾ? ಮಗ ಬೆಳ್ಳಗೆ ಬಿಳಿಚ್ಕೊಂಡೈತೆ, ಏನ್ಲಾ ನೀನ್ ಏಳೋದು?”

“ದಿಟ ಕಣವ್ವ. ಅವಳ ಈಲಿನೇ ಕೆಟ್ಟೋಗ್ತಾ ಐತಂತೆ.”

“ಹಂಗಾರೆ ನಾನ್ ಇಕ್ಕಿದ್ದು?”

ಅಜ್ಜಿ ತಟ್ಟೆಯನ್ನೇ ನೋಡುತ್ತಾ ನಿಂತಳು. ಆಮೇಲೆ ಅದನ್ನು ಒಯ್ದು ಕುರಿ ಕಾಯುವ ನಾಯಿಯ ಮುಂದೆ ಸುರಿದು, ಹಟ್ಟಿಯ ಬಾಗಿಲಲ್ಲಿ ಕುಸಿದಳು.

“ಹಾಲು ಕುಡುದ್ ಮಕ್ಕಳೇ ಬದುಕೋದಿಲ್ಲ, ಇನ್ನ ವಿಸ ಕುಡುದ್ ಮಕ್ಕಳು ಬದುಕ್ತಾವಾ? ನಾನೇ ಕೈಯಾರೆ ಇಕ್ಕುದ್ನಲ್ಲಪ್ಪ!”

“ನಿಂಗ್ ಗೊತ್ತಿರ್ಲಿಲ್ವಲ್ಲಜ್ಜಿ,” ಎಂದು ಅನುಷಾ ಅವಳ ಸೆರಗು ಹಿಡಿದಳು. ಅಜ್ಜಿ ಸೆರಗು ಬಿಡಿಸಿಕೊಂಡಳು. ಅನುಷಾಳಿಗೆ ಆಸ್ಪತ್ರೆಯ ಸೂಜಿಗಿಂತ ಅದೇ ಹೆಚ್ಚು ನೋವಾಯಿತು.

ಅವತ್ತಿನಿಂದ ಅಜ್ಜಿ ಒಲೆಯ ಹತ್ತಿರ ಸುಳಿಯಲಿಲ್ಲ. ಅವ್ವ ಗಾರ್ಮೆಂಟ್ಸ್‌ಗೆ ಹೋಗುವ ಮುಂಚೆ ಬೇಯಿಸಿಟ್ಟಿದ್ದನ್ನು ಅನುಷಾ ತಾನೇ ಬಡಿಸಿಕೊಳ್ಳಬೇಕಿತ್ತು. “ಅಜ್ಜಿ, ಒಂದೇ ಒಂದು ತುತ್ತು ತಿನ್ನಿಸು” ಅಂದರೂ ಅಜ್ಜಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು.

ಭಾನುವಾರ ಅನುಷಾ ಅನ್ನ ಕಲಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅವ್ವ ಮಾಡಿಟ್ಟ ಕರಿ ಟೀ. ಕಹಿಯೋ ಕಹಿ. ಬಾಗಿಲಲ್ಲಿ ಸಮದ್‌ನ ಸೈಕಲ್ ಬೆಲ್ ಕೇಳಿಸಿತು.

“ಲಕ್ಷ್ಮಿದೇವಮ್ಮಾ, ಮಗೂ ಪಾಲು ತಂದಿವ್ನಿ!”

ಅಭ್ಯಾಸದಂತೆ ಅಜ್ಜಿ ಎದ್ದು, ಎಲೆಯ ಪೊಟ್ಟಣಕ್ಕೆ ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು.

“ಇನ್ಮೇಲೆ ತರಬ್ಯಾಡ ಕಣಪ್ಪ.”

ಸಮದ್ ಮುಖ ಅರಳಿತು. “ಅಂದ್ರೆ ಮಗೂಗೆ ವಾಸಿ ಆಯ್ತಾ? ಅಲ್ಲಾ ದೊಡ್ಡವನು ಕಣಮ್ಮ!”

ಅನುಷಾ ತುತ್ತು ಹಿಡಿದವಳು ಹಾಗೇ ಕೂತಳು. ಅಜ್ಜಿ ಸುಳ್ಳು ಹೇಳಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಸಮದ್ ಕೊಟ್ಟ ಹಣದಲ್ಲಿ ಜಾಸ್ತಿ ಬಂದರೆ ವಾಪಸ್ ಓಡಿಹೋಗಿ ಕೊಡುವ ಅಜ್ಜಿ ಅವಳು.

“ಹೂಂ ಕಣಪ್ಪ,” ಅಂದಳು ಅಜ್ಜಿ. “ವಾಸಿ ಆಯ್ತು.”

ವಾಸಿ ಆಗುತ್ತಾ ಅಂತ ಕೇಳಿದ್ದಕ್ಕೆ ಡಾಕ್ಟ್ರಮ್ಮ ಯಾಕೆ ಟೀ ವಿಷಯ ಎತ್ತಿದ್ದರು ಅಂತ ಅನುಷಾಳಿಗೆ ಆಗ ಗೊತ್ತಾಯಿತು.

ಸೈಕಲ್ ಹೋದ ಸದ್ದಾಯಿತು. ಅಜ್ಜಿ ಒಳಗೆ ತಿರುಗಿದಳು. ಅನುಷಾ ಲೋಟ ಎತ್ತಿ, ಅಜ್ಜಿ ನೋಡುತ್ತಿರುವಂತೆಯೇ, ಮುಖ ಕಿವಿಚದೆ ಅಷ್ಟೂ ಟೀ ಕುಡಿದಳು.