ಮೊದಲು ತಪ್ಪು, ಆಮೇಲೆ ಸರಿ

ಶುಕ್ರವಾರ ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿದವರು ಒಬ್ಬ ಲಿಫ್ಟ್ ಮೆಕ್ಯಾನಿಕ್. ಎಣ್ಣೆ ಕಲೆಯ ಚೀಲದಿಂದ ಅವರು ತೆಗೆದದ್ದು ದೂರಿನ ಅರ್ಜಿಯಲ್ಲ, ಲ್ಯಾಮಿನೇಟ್ ಮಾಡಿಸಿದ ಒಂದು ಪ್ರಮಾಣಪತ್ರ. 'ಸೇತುವೆಗಳು ಹೇಗೆ ನಿಲ್ಲುತ್ತವೆ' ಎಂಬ ಹತ್ತು ಪಾಠಗಳ ಆನ್‌ಲೈನ್ ಕೋರ್ಸನ್ನು ಅವರ ಮಗಳು ನೂರಕ್ಕೆ ಎಪ್ಪತ್ತನಾಲ್ಕು ಅಂಕ ಪಡೆದು ಮುಗಿಸಿದ್ದಾಳೆಂದು ವಿಶ್ವವಿದ್ಯಾಲಯ ಅದರಲ್ಲಿ ಬರೆದಿತ್ತು. ದಿನಾಂಕ ಅಕ್ಟೋಬರ್ 30.

"ಒಳ್ಳೇದೇ ಆಯ್ತಲ್ಲ. ಇದ್ರಲ್ಲಿ ಏನು ದೂರು?" ಎಂದರು ಹೆಡ್ ಕಾನ್‌ಸ್ಟೇಬಲ್.

"ನನ್ನ ಮಗಳು ಮೇ ಹದಿನಾಲ್ಕಕ್ಕೆ ತೀರ್ಕೊಂಡ್ಳು ಸಾರ್."

ಹೆಡ್ ಕಾನ್‌ಸ್ಟೇಬಲ್ ಎದ್ದು ತಮ್ಮ ಕುರ್ಚಿಯನ್ನೇ ಅವರತ್ತ ಸರಿಸಿದರು.

ಇನ್‌ಸ್ಪೆಕ್ಟರ್ ಮೇಡಂ ಒಳಗೆ ಕರೆಸಿಕೊಂಡರು. ಹೆಚ್ಚು ಮಾತಿನವರಲ್ಲ. ಕೇಳುವುದನ್ನು ನೇರವಾಗಿ ಕೇಳುತ್ತಿದ್ದರು.

"ಮಗಳ ವಯಸ್ಸು?"

"ಹತ್ತೊಂಬತ್ತು. ಎರಡು ವರ್ಷ ರಕ್ತದ ಕಾಯಿಲೆ. ಕಾಲೇಜು ಬಿಡಿಸಿದ್ವಿ. ಮಲಗಿದಲ್ಲೇ ಫೋನಲ್ಲಿ ಈ ಪಾಠ ನೋಡ್ತಿದ್ಳು."

"ಆ ಫೋನ್ ಈಗ ಎಲ್ಲಿದೆ?"

"ನಮ್ಮನೇಲೇ. ನಮ್ಮಾಕೆ ದಿನಾ ಚಾರ್ಜ್ ಹಾಕ್ತಾಳೆ. ಅದಕ್ಕೇ ಮೇಲ್ ಬಂದಿದ್ದು." ಅವರು ತಡೆದು ತಡೆದು ಹೇಳಿದರು. "ಮೊನ್ನೆ ಇನ್ನೊಂದು ಬಂತು. ಅರ್ಧಕ್ಕೆ ಬಿಡದೆ ಮುಗಿಸಿದ್ದೀರಿ, ನಿಮ್ಮ ಅನುಭವ ನಾಲ್ಕು ಸಾಲು ಬರೆದು ಕಳಿಸಿ ಅಂತ. ನಮ್ಮಾಕೆ ಬರೆಯೋಕೆ ಕೂತಿದ್ದಾಳೆ ಮೇಡಂ. ಮಗಳು ಎಲ್ಲಿಂದಲೋ ಓದಿ ಮುಗಿಸಿದ್ದಾಳೆ, ಉತ್ತರ ಕೊಡದಿದ್ರೆ ಬೇಜಾರು ಮಾಡ್ಕೋತಾಳೆ ಅಂತಾಳೆ. ನಾನು ಏನಂತ ಹೇಳ್ಲಿ?"

"ನಿಮಗೆ ನಮ್ಮಿಂದ ಏನಾಗ್ಬೇಕು?"

"ಯಾರು ಮಾಡಿದ್ರು ಅಂತ ಗೊತ್ತಾಗ್ಬೇಕು. ಅದಕ್ಕಿಂತ ಹೆಚ್ಚಾಗಿ, ಇದ್ರಲ್ಲಿ ನನ್ನ ಮಗಳದ್ದು ಎಷ್ಟು, ಬೇರೆಯವರದ್ದು ಎಷ್ಟು ಅಂತ ಗೊತ್ತಾಗ್ಬೇಕು. ಅದು ತಿಳೀದೆ ನಾನು ಮನೆಗೆ ಹೋಗಲ್ಲ."

10 ಗಂಟೆ 5 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಮೃತರ ಗುರುತು ಬಳಸಿ ವಂಚನೆ, ದಾಖಲೆಗಳ ನಕಲಿ ಸೃಷ್ಟಿ, ಆರೋಪಿ ಅಪರಿಚಿತ. ಸಮಯ ಬರೆದುಕೊಂಡವನು ಗಡಿಯಾರ. ಅದು ಅವನ ಹೆಸರಲ್ಲ. ಚಹಾ ಕುಡಿದರೂ ಎಷ್ಟು ಗಂಟೆಗೆ ಕುಡಿದೆ ಎಂದು ಬರೆದಿಡುವ ಆ ಕಾನ್‌ಸ್ಟೇಬಲ್‌ನನ್ನು ಇಡೀ ಠಾಣೆ ಹಾಗೇ ಕರೆಯುತ್ತಿತ್ತು.

ವಿಶ್ವವಿದ್ಯಾಲಯದ ಆನ್‌ಲೈನ್ ಕಲಿಕಾ ವಿಭಾಗ ಗ್ರಂಥಾಲಯದ ಹಿಂಬದಿಯ ಕಟ್ಟಡದಲ್ಲಿತ್ತು. ಒಂದು ಸ್ಟುಡಿಯೊ, ಅದರ ಪಕ್ಕ ಕಂಪ್ಯೂಟರ್ ಕೋಣೆ, ನಿರ್ದೇಶಕರ ಕೊಠಡಿ. ಕಾರಿಡಾರಿನಲ್ಲಿ ಕ್ಯಾಮೆರಾ ಇತ್ತು. ಅದರ ಕಣ್ಣಿಗೆ ಜೇಡ ಬಲೆ ಕಟ್ಟಿ ಸಂಸಾರ ಹೂಡಿತ್ತು. 11 ಗಂಟೆ 15 ನಿಮಿಷಕ್ಕೆ ಖಾಕಿ ಕಂಡದ್ದೇ ನಿರ್ದೇಶಕರು ಎದ್ದು ನಿಂತರು.

"ನಮ್ಮ ವಿಭಾಗದಿಂದ ಯಾರೂ ಏನೂ ಮಾಡಿಲ್ಲ ಮೇಡಂ."

"ಏನಾಗಿದೆ ಅಂತ ನಾನಿನ್ನೂ ಹೇಳೇ ಇಲ್ವಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಕಚೇರಿಯಲ್ಲೂ ಇರುತ್ತಾರೆ. ಅವರೆಲ್ಲ ಕಳ್ಳರೇ ಆಗಿರಬೇಕಿಲ್ಲ. ವಿಷಯ ಕೇಳಿದ ಮೇಲೆ ನಿರ್ದೇಶಕರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಸೋಮವಾರ ಬನ್ನಿ, ಎಲ್ಲಾ ತೋರಿಸ್ತೀವಿ. ಇವತ್ತು ನಾಲ್ಕು ಗಂಟೆಗೆ ಮೌಲ್ಯಮಾಪನ ಸಮಿತಿ ಬರುತ್ತೆ."

"ಸೋಮವಾರಕ್ಕೆ ದಾಖಲೆ ಇರುತ್ತಾ?"

ಉತ್ತರ ಕೊಟ್ಟವನು ಮೂಲೆಯಲ್ಲಿ ನಿಂತಿದ್ದ ಕಂಪ್ಯೂಟರ್ ವಿಭಾಗದವನು. "ಇರಲ್ಲ ಮೇಡಂ. ಬ್ಯಾಚ್ ಮುಗಿದ ಮೇಲೆ ಕಲಿಯುವವರ ಖಾಸಗಿ ವಿವರ ಇಟ್ಕೊಳ್ಳೋ ಹಾಗಿಲ್ಲ. ಇವತ್ತು ಸಂಜೆ ಆರಕ್ಕೆ ತಾನಾಗೇ ಅಳಿಸಿಹೋಗುತ್ತೆ. ಅಂಕ ಮಾತ್ರ ಉಳಿಯುತ್ತೆ."

"ನಿಲ್ಲಿಸೋಕಾಗಲ್ವಾ?"

"ಕುಲಸಚಿವರ ಸಹಿ ಬೇಕು. ಅವರು ಊರಲ್ಲಿಲ್ಲ."

ಗಡಿಯಾರ ಗೋಡೆಯ ಗಡಿಯಾರ ನೋಡಿದ. ಆರೂವರೆ ಗಂಟೆ ಉಳಿದಿತ್ತು. ಗ್ರಂಥಾಲಯದ ಇಬ್ಬರು ಸಿಬ್ಬಂದಿಯನ್ನು ಪಂಚರನ್ನಾಗಿ ಕರೆದು, ದಾಖಲೆಯ ಪ್ರತಿ ತೆಗೆಯಲು ಇನ್‌ಸ್ಪೆಕ್ಟರ್ ಆದೇಶಿಸಿದರು. ಪ್ರತಿ ಇಳಿಯುವುದು ಬಸವನಹುಳುವಿನ ನಡಿಗೆಯಲ್ಲಿ ಸಾಗುತ್ತಿತ್ತು. ಅಷ್ಟರಲ್ಲಿ ವಿಚಾರಣೆ ಶುರುವಾಯಿತು.

"ಸಮಿತಿ ಏನು ನೋಡುತ್ತೆ?"

"ಸೇರಿದವರಲ್ಲಿ ಎಷ್ಟು ಜನ ಮುಗಿಸಿದ್ರು ಅಂತ," ಎಂದರು ನಿರ್ದೇಶಕರು. "ನೂರಕ್ಕೆ ಐದು ಜನ ಮುಗಿಸಿರಬೇಕು. ಇಲ್ದಿದ್ರೆ ಕೋರ್ಸ್ ಮುಚ್ಚುತ್ತಾರೆ."

"ಬರೀ ಐದಾ?"

"ಇಂಥ ಕೋರ್ಸುಗಳ ಹಣೆಬರಹವೇ ಅಷ್ಟು ಮೇಡಂ. ಪುಕ್ಕಟೆ ಅಂತ ಸೇರ್ತಾರೆ, ಎರಡನೇ ಪಾಠಕ್ಕೆ ನಾಪತ್ತೆ."

ಗಡಿಯಾರ ಕೆಮ್ಮಿದ. ಹೋದ ವರ್ಷ ಅವನೂ ಒಂದು ಕೋರ್ಸಿಗೆ ಸೇರಿ ಎರಡನೇ ಪಾಠಕ್ಕೆ ನಾಪತ್ತೆಯಾಗಿದ್ದ.

"ಇದಕ್ಕೆ ಸೇರಿದವರು ಎಷ್ಟು?"

"ಎರಡು ಸಾವಿರದ ಮುನ್ನೂರು."

"ಅಂದ್ರೆ ನೂರ ಹದಿನೈದು ಬೇಕಿತ್ತು. ಮುಗಿಸಿದವರು?"

ನಿರ್ದೇಶಕರು ಕಾಗದ ನೋಡಿದರು. ಮತ್ತೊಮ್ಮೆ ನೋಡಿದರು. "ನೂರ ಹದಿನೈದು."

ಅಳೆದು ಸುರಿದಂತಿದ್ದ ಆ ಸಂಖ್ಯೆಯನ್ನು ಇನ್‌ಸ್ಪೆಕ್ಟರ್ ಗುರುತು ಹಾಕಿಕೊಂಡರು.

1 ಗಂಟೆ 40 ನಿಮಿಷಕ್ಕೆ ಮೊದಲ ಪುಟಗಳು ಕೈಗೆ ಬಂದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 29ರವರೆಗೆ, ಕೆಲಸದ ದಿನಗಳಲ್ಲಿ ಮಾತ್ರ, ಮಧ್ಯಾಹ್ನ ಒಂದರಿಂದ ಎರಡರೊಳಗೆ ಅರವತ್ತಮೂರು ಜನರ ಖಾತೆಗಳಲ್ಲಿ ಪರೀಕ್ಷೆ ಬರೆಯಲಾಗಿತ್ತು. ಎಲ್ಲವೂ ಸ್ಟುಡಿಯೊ ಪಕ್ಕದ ಒಂದೇ ಕಂಪ್ಯೂಟರಿನಿಂದ. ಎಲ್ಲರೂ ತಿಂಗಳುಗಳ ಹಿಂದೆಯೇ ಅರ್ಧಕ್ಕೆ ಬಿಟ್ಟವರು. ಮೆಕ್ಯಾನಿಕ್‌ರ ಮಗಳು ಅವರಲ್ಲಿ ಒಬ್ಬಳು.

"ಬೇರೆಯವರ ಖಾತೆ ಒಳಗೆ ಹೋಗೋದು ಹೇಗೆ?"

"ಕಲಿಯುವವರಿಗೆ ಏನು ತೊಂದರೆ ಆಗ್ತಿದೆ ಅಂತ ಅವರ ಜಾಗದಲ್ಲಿ ನಿಂತು ನೋಡೋಕೆ ಒಂದು ದಾರಿ ಇದೆ," ಎಂದ ಕಂಪ್ಯೂಟರ್ ವಿಭಾಗದವನು. "ಮೂರೇ ಜನಕ್ಕೆ ಕೊಟ್ಟಿರೋದು. ನಿರ್ದೇಶಕರು, ನಾನು, ಕೋರ್ಸ್ ಡಿಸೈನರ್ ಅಕ್ಕ."

"ಯಾರು ಹೋಗಿದ್ರು ಅಂತ ಗೊತ್ತಾಗಲ್ವಾ?"

ಅವನು ತಲೆ ತಗ್ಗಿಸಿದ. "ಮೂವರಿಗೂ ಒಂದೇ ಪಾಸ್‌ವರ್ಡ್." ಆ ಪಾಸ್‌ವರ್ಡನ್ನು ಯಾರೋ ಪುಣ್ಯಾತ್ಮರು ಮರೆಯಬಾರದೆಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಹಣೆಗೇ ಅಂಟಿಸಿದ್ದರು.

ಎರಡೂವರೆ ಗಂಟೆಗೆ ಗಡಿಯಾರ ಮೆಕ್ಯಾನಿಕ್‌ರ ಮಗಳ ಪುಟಗಳನ್ನು ಹಿಡಿದು ಕೂತಿದ್ದ. ಪ್ರತಿ ಪಾಠಕ್ಕೆ ಎಂಟು ಪ್ರಶ್ನೆ, ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ, ಎರಡು ಅವಕಾಶ. ಎರಡನೇ ಸಲ ಸರಿಯಾದರೆ ಅರ್ಧ ಅಂಕ.

"ಮೇಡಂ, ಇಲ್ಲೊಂದು ವಿಚಿತ್ರ ಇದೆ. ಐದನೇ ಪಾಠದ ತನಕ ನಲವತ್ತು ಪ್ರಶ್ನೆ. ಮೂವತ್ತೆಂಟು ಮೊದಲ ಏಟಿಗೇ ಸರಿ. ಬುದ್ಧಿವಂತೆ. ಆರನೇ ಪಾಠದಿಂದ ಕೊನೇ ತನಕ ಇನ್ನೂ ನಲವತ್ತು. ಎಲ್ಲಾ ಮೊದಲು ತಪ್ಪು, ಆಮೇಲೆ ಸರಿ. ಒಂದೂ ಬಿಡದೆ."

"ಬೇರೆಯವರದ್ದು?"

"ಹತ್ತು ಜನರದ್ದು ನೋಡ್ದೆ. ಹಾಗೇ ಇದೆ."

ಇನ್‌ಸ್ಪೆಕ್ಟರ್ ಪುಟಗಳನ್ನು ತಮ್ಮತ್ತ ಎಳೆದುಕೊಂಡರು. "ಏನೂ ಗೊತ್ತಿಲ್ಲದವನಿಗೂ ನಾಲ್ಕರಲ್ಲಿ ಒಂದು ಕಣ್ಣುಮುಚ್ಚಿ ಒತ್ತಿದ್ರೂ ಸರಿ ಆಗುತ್ತೆ. ಒಂದೂ ಬಿಡದೆ ತಪ್ಪು ಮಾಡಬೇಕಾದ್ರೆ ಎಲ್ಲಾ ಸರಿ ಉತ್ತರ ಗೊತ್ತಿರಬೇಕು ಕಣೋ."

3 ಗಂಟೆ 5 ನಿಮಿಷಕ್ಕೆ ಮೂವರನ್ನೂ ಒಬ್ಬೊಬ್ಬರಾಗಿ ಕಂಪ್ಯೂಟರ್ ಕೋಣೆಗೆ ಕರೆಸಿದರು. ನಮಗೆ ಈ ಪರೀಕ್ಷೆ ಹೇಗಿರುತ್ತದೆ ತಿಳಿಯದು, ಏಳನೇ ಪಾಠದ ಐದು ಪ್ರಶ್ನೆ ಮಾಡಿ ತೋರಿಸಿ ಎಂದಷ್ಟೇ ಹೇಳಿದರು. ಪಂಚರು ಬಾಗಿಲ ಬಳಿ ನಿಂತಿದ್ದರು.

ನಿರ್ದೇಶಕರು ಐದರಲ್ಲಿ ನಾಲ್ಕನ್ನು ಎರಡೆರಡು ಸಲವೂ ತಪ್ಪು ಮಾಡಿದರು. ತಮ್ಮದೇ ವಿಭಾಗದ ಹೆಮ್ಮೆಯ ಕೋರ್ಸಿನಲ್ಲಿ ನಪಾಸಾಗಿ, ಪ್ರಶ್ನೆಗಳೇ ಸರಿಯಿಲ್ಲವೆಂದು ಗೊಣಗುತ್ತ ಹೊರಗೆ ಹೋದರು. ಕಂಪ್ಯೂಟರ್ ವಿಭಾಗದವನು ಎರಡನ್ನು ಮೊದಲ ಸಲಕ್ಕೇ ಸರಿ ಮಾಡಿದ, ಮೂರರಲ್ಲಿ ಮುಗ್ಗರಿಸಿದ.

ಡಿಸೈನರ್ ಬಂದಾಗ 3 ಗಂಟೆ 22. ನಲವತ್ತರ ಆಸುಪಾಸಿನ ಹೆಂಗಸು. ಬೆರಳ ತುದಿಗಳಲ್ಲಿ ಒಣಗಿದ ಅಂಟು ಸಿಪ್ಪೆಯೇಳುತ್ತಿತ್ತು. ಕೂತರು, ಪ್ರಶ್ನೆ ಓದುವ ಗೋಜಿಗೂ ಹೋಗಲಿಲ್ಲ. ತಪ್ಪು ಉತ್ತರ ಒತ್ತಿದರು, ಕೆಳಗೆ ಮೂಡಿದ ವಿವರಣೆಯನ್ನು ಕಣ್ಣಲ್ಲೇ ಅಳೆದರು, ಸರಿ ಉತ್ತರ ಒತ್ತಿದರು. ಎರಡನೆಯದೂ ಹಾಗೇ. ಮೂರು, ನಾಲ್ಕು, ಐದೂ ಹಾಗೇ. ಗಡಿಯಾರನ ಪೆನ್ನು ನಿಂತುಬಿಟ್ಟಿತು.

"ಆಯ್ತು ಮೇಡಂ. ಎಲ್ಲಾ ಸರಿಯಾಗಿ ಕೆಲಸ ಮಾಡ್ತಿದೆ."

"ಉತ್ತರ ಗೊತ್ತಿದ್ದೂ ಮೊದಲು ತಪ್ಪು ಒತ್ತಿದ್ದು ಯಾಕೆ?"

"ತಪ್ಪು ಒತ್ತಿದ್ರೇ ತಾನೆ ವಿವರಣೆ ಬರುತ್ತೋ ಇಲ್ವೋ ಗೊತ್ತಾಗೋದು? ಪಾಠ ಬಿಡುಗಡೆ ಮಾಡೋ ಮುಂಚೆ ನಾವು ಯಾವಾಗ್ಲೂ..." ಮಾತು ಅಲ್ಲಿಗೇ ನಿಂತಿತು. ಅವರು ತಮ್ಮ ಕೈಯನ್ನೇ ನೋಡಿಕೊಂಡರು. ನಾಲ್ಕು ವರ್ಷ ಅದೇ ಕೆಲಸ ಮಾಡಿದ ಕೈ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕೈಗೆ ಹತ್ತಿದ ರೂಢಿಯೂ ಅಂಥದ್ದೇ.

"ಎಷ್ಟು ಜನರದ್ದು ಬರೆದ್ರಿ?"

ಹೊರಗೆ ಸಮಿತಿಯ ಕಾರು ಬಂದು ನಿಂತ ಸದ್ದು ಕೇಳಿಸಿತು.

"ಅರವತ್ತಮೂರು."

ಅವರ ಮೇಜಿನ ಡ್ರಾಯರಿನಿಂದ ಒಂದು ನೋಟ್‌ಬುಕ್ ಜಪ್ತಿಯಾಯಿತು. ಅರವತ್ತಮೂರು ಹೆಸರು, ಪ್ರತಿಯೊಂದರ ಮುಂದೆ ನಿಲ್ಲಿಸಿದ ಪಾಠದ ಸಂಖ್ಯೆ, ಹಸಿರು ಗುರುತು. 4 ಗಂಟೆ 50 ನಿಮಿಷಕ್ಕೆ ದಾಖಲೆಯ ಪ್ರತಿ ಪೂರ್ಣವಾಗಿ ಇಳಿಯಿತು. ಪಂಚನಾಮೆಗೆ ಸಹಿ ಬಿದ್ದಿತು. 5 ಗಂಟೆ 10 ನಿಮಿಷಕ್ಕೆ ಬಂಧನ. ಮನೆಗೆ ಒಂದು ಫೋನ್ ಮಾಡಲು ಡಿಸೈನರ್ ಅನುಮತಿ ಕೇಳಿದರು, ಪೊಲೀಸರು ಕೊಟ್ಟರು. "ಬರೋದು ತಡ ಆಗುತ್ತೆ ರೀ," ಎಂದಷ್ಟೇ ಗಂಡನಿಗೆ ಹೇಳಿ ಇಟ್ಟರು.

ಹೇಳಿಕೆಯನ್ನು ಇನ್‌ಸ್ಪೆಕ್ಟರ್ ಖುದ್ದಾಗಿ ಬರೆದುಕೊಂಡರು.

"ಯಾಕೆ ಮಾಡಿದ್ರಿ?"

"ಪ್ರೊಫೆಸರ್ ಬರೋದು, ನಿಂತು ಓದಿ ಹೋಗೋದು ಅಷ್ಟೇ. ಪಾಠ ಬರೆದಿದ್ದು, ಪ್ರಶ್ನೆ ಮಾಡಿದ್ದು, ರಟ್ಟಿನಲ್ಲಿ ಸೇತುವೆ ಕಟ್ಟಿ ಅದರ ಮೇಲೆ ತೂಕ ಇಟ್ಟು ತೋರಿಸಿದ್ದು ನಾನು. ವಿಡಿಯೋದಲ್ಲಿ ನನ್ನ ಕೈ ಮಾತ್ರ ಕಾಣುತ್ತೆ. ನಿಜವಾಗಿ ಮುಗಿಸಿದವರು ಐವತ್ತೆರಡು ಜನ. ಅವರು ಏನು ಕಲಿತ್ರು ಅಂತ ಸಮಿತಿ ಕೇಳಲ್ಲ. ಐವತ್ತೆರಡು ಅಂದ ತಕ್ಷಣ ಮುಚ್ಚುತ್ತೆ."

"ಅರ್ಧ ಮಾಡಿದವರನ್ನೇ ಯಾಕೆ ಆರಿಸಿದ್ರಿ?"

"ಅಷ್ಟು ದೂರ ಬಂದವರು. ಕೈ ಹಿಡಿದು ದಡ ಮುಟ್ಟಿಸ್ತಿದ್ದೀನಿ ಅಂದ್ಕೊಂಡೆ."

"ಅವರು ಯಾಕೆ ನಿಂತ್ರು ಅಂತ ಯಾರಾದ್ರೂ ಕೇಳಿದ್ರಾ?"

"ಇಲ್ಲ. ನಮ್ಮ ಮೌಲ್ಯಮಾಪನದ ಫಾರಂನಲ್ಲಿ ಆ ಪ್ರಶ್ನೆ ಇಲ್ಲ."

ಇನ್‌ಸ್ಪೆಕ್ಟರ್ ಪ್ರಮಾಣಪತ್ರವನ್ನು ಮೇಜಿನ ಮೇಲೆ ಇಟ್ಟರು. "ಈ ಹುಡುಗಿ ಮೇ ಹದಿನಾಲ್ಕಕ್ಕೆ ತೀರಿಕೊಂಡಿದ್ದಾಳೆ. ಅದಕ್ಕೇ ನಿಂತಿದ್ದು."

ಡಿಸೈನರ್ ಹೆಸರನ್ನು ಓದಿದರು. ಮತ್ತೆ ಓದಿದರು. "ಈ ಹುಡುಗಿ... ಪ್ರಶ್ನೆ ಕೇಳೋ ಜಾಗದಲ್ಲಿ ಬರೀತಿದ್ಳು. ಕೈ ಅಕ್ಕ, ನಿಮ್ಮ ಮುಖ ಯಾವತ್ತು ತೋರಿಸ್ತೀರಾ ಅಂತ. ಕೊನೆ ಪಾಠದಲ್ಲಿ ಅಂತ ಉತ್ತರ ಕೊಟ್ಟಿದ್ದೆ." ಆಮೇಲೆ ಅಳತೊಡಗಿದರು. ಇನ್‌ಸ್ಪೆಕ್ಟರಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂಕಟ.

ಪ್ರಮಾಣಪತ್ರ ಈಗ ಸಾಕ್ಷ್ಯ, ಮನೆಗೆ ಹಿಂದಿರುಗುವಂತಿರಲಿಲ್ಲ. ಮಗಳ ಫೋನಿನ ಮೇಲ್‌ಗಳ ಪ್ರತಿಯೂ ಬೇಕಿತ್ತು. 6 ಗಂಟೆ 40 ನಿಮಿಷಕ್ಕೆ ಇನ್‌ಸ್ಪೆಕ್ಟರ್ ಮತ್ತು ಗಡಿಯಾರ ಮೆಕ್ಯಾನಿಕ್‌ರನ್ನು ಕರೆದುಕೊಂಡು ಅವರ ಮನೆಗೆ ಹೋದರು. ತಾಯಿ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ನಾಲ್ಕು ಸಾಲು ಬರೆದು ಹೊಡೆದುಹಾಕಿದ ಹಾಳೆ.

"ಅವಳೇ ಅಲ್ವಾ ಮುಗಿಸಿದ್ದು?" ಎಂದು ಕೇಳಿದರು ಅವರು, ಯಾರ ಮುಖವನ್ನೂ ನೋಡದೆ.

ಮೆಕ್ಯಾನಿಕ್ ಇನ್‌ಸ್ಪೆಕ್ಟರ್ ಕಡೆ ನೋಡಿದರು.

"ಅಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್. "ಆ ಎಪ್ಪತ್ತನಾಲ್ಕು ಅವಳದ್ದಲ್ಲ. ಅವಳದ್ದು ಇದು." ಐದು ಪಾಠಗಳ ದಾಖಲೆಯ ಇನ್ನೊಂದು ಪ್ರತಿಯನ್ನು ಅವರ ಕೈಗಿಟ್ಟರು. "ನಲವತ್ತು ಪ್ರಶ್ನೆ. ಮೂವತ್ತೆಂಟು ಮೊದಲ ಸಲಕ್ಕೇ ಸರಿ. ಆ ಐದು ಪಾಠಗಳಲ್ಲಿ ಇಷ್ಟು ಅಂಕ ಇನ್ಯಾರೂ ತೆಗೆದಿಲ್ಲ. ನಾನೇ ಕೂತು ನೋಡಿದ್ದೀನಿ."

ತಾಯಿ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ಹೋದರು. ದಿನಾಂಕ, ಗಂಟೆ, ಪ್ರಶ್ನೆ, ಉತ್ತರ. ಕೆಲವು ದಿನಾಂಕಗಳಲ್ಲಿ ಬೆರಳು ನಿಲ್ಲುತ್ತಿತ್ತು. ಅವತ್ತು ಆಸ್ಪತ್ರೆಯಲ್ಲಿದ್ದೆವು ಎಂದು ಗಂಡನಿಗೆ ಹೇಳುತ್ತಿದ್ದರು. ಕೊನೆಯ ಸಾಲು ಮೇ 12, ಬೆಳಿಗ್ಗೆ 11 ಗಂಟೆ 20. ಆರನೇ ಪಾಠದ ಮೊದಲ ಪ್ರಶ್ನೆ ತೆರೆದಿದ್ದಳು, ಉತ್ತರ ಒತ್ತಿರಲಿಲ್ಲ. ತಾಯಿ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದರು.

"ತೂಗುಸೇತುವೆಯ ಒಂದು ಹಗ್ಗ ಕಡಿದುಹೋದರೆ, ಅದು ಹೊತ್ತಿದ್ದ ಭಾರ ಎಲ್ಲಿಗೆ ಹೋಗುತ್ತದೆ?" ಓದಿ ಗಂಡನ ಕಡೆ ತಿರುಗಿದರು. "ಇದಕ್ಕೆ ಉತ್ತರ ಏನ್ರೀ?"

ಮೂವತ್ತು ವರ್ಷ ಲಿಫ್ಟಿನ ಹಗ್ಗಗಳ ಜೊತೆ ಕೆಲಸ ಮಾಡಿದ ಮನುಷ್ಯ. ಯೋಚಿಸಬೇಕಾಗಿರಲಿಲ್ಲ.

"ಉಳಿದ ಹಗ್ಗಗಳ ಮೇಲೆ ಬೀಳುತ್ತೆ," ಎಂದರು. "ಅವು ಹೊರ್ತವೆ."

ತಾಯಿ ಪೆನ್ನು ತೆಗೆದುಕೊಂಡು ಅದನ್ನು ಆ ಸಾಲಿನ ಮುಂದೆ ಬರೆದರು. ಫೋನನ್ನು ಚಾರ್ಜರಿನಿಂದ ಬಿಡಿಸಿ ತಾವಾಗಿಯೇ ಇನ್‌ಸ್ಪೆಕ್ಟರ್ ಕೈಗೆ ಕೊಟ್ಟರು. ಗಡಿಯಾರ ಪುಸ್ತಕ ತೆರೆದ, ಗಂಟೆ ನೋಡಿದ, ಏನನ್ನೂ ಬರೆಯದೆ ಮುಚ್ಚಿದ.